ಅದ ಹೊಲ, ಅದ ಸಸಿ: ಮ್ಯಾಲಿನ ಗಿಡ ಬೆಳದಾವ, ಕೆಳಗಿನವು ಕುಂತಾವ. ಯಾಕ?

ಒಡ್ಡಿನ_ಗಿಡ (ಬಸವನ ಬಾಗೇವಾಡಿ)

ಎರಿ (ಕರಿ ಮಣ್ಣಿನ) ಹೊಲದಾಗ ಇಳಿಜಾರಿನ ಉದ್ದಕ ಒಂದ ಸಾಲು ಹೆಬ್ಬೇವು, ಒಂದ ಸಾಲು ಸಾಗವಾನಿ. ಒಂದ ದಿನ ಹಚ್ಚಿದ್ದು, ಒಂದ ನರ್ಸರಿ ಸಸಿ, ಗೊಬ್ಬರದ ಅಳತಿನೂ ಒಂದ. ನಾಕನೇ ವರ್ಷಕ್ಕ ಮ್ಯಾಲಿನ ತುದಿ ಗಿಡ ತೊಡಿ ದಪ್ಪ, ಹಳ್ಳದ ಕಡೆ ತೆಗ್ಗಿನವು ಮುಂಗೈ ದಪ್ಪ ಇಲ್ಲ. ಏಪ್ರಿಲ್‌ದಾಗ ಮೊದಲ ಬಾಡೋವೂ ಅವ. ತೆಗ್ಗಿನ ಕಡೆ ಮಣ್ಣು ಆಳ, ಹಸಿ ಜಾಸ್ತಿ. ಹಂಗ ನೋಡಿದ್ರ ಅಲ್ಲೇ ಚಲೋ ಬೆಳೀಬೇಕಿತ್ತು. ಇನ್ನೊಂದು ವಿಚಿತ್ರ: ಹಳ್ಳದ ದಂಡಿಗೇ ಇರೋ ಹಳೇ ಬೇವು ಮುಗಿಲಿಗೆ ಹೋಗೇದ, ಅದರಿಂದ 20 ಮೀಟರ್ ಹೊಲದ ಕಡೆ ಸರದ್ರ ಗಿಡ ಏಳೋದಿಲ್ಲ.

ಕೆನಡಾ, ಫಿನ್‌ಲ್ಯಾಂಡ್ ಕಡೆ ಬೋರಿಯಲ್ (ಉತ್ತರದ ಚಳಿ ಸೀಮಿ) ಕಾಡಿನಾಗ ನೀರು ಬಸಿಯೋ ಗುಣ ನೋಡಿ ಯಾವ ಗಿಡ ಎಷ್ಟು ಬೆಳೀತದ ಅಂತ ಮೊದಲ ಹೇಳ್ತಾರಂತ. ಆ ಲೆಕ್ಕ ನಮ್ಮ ಕಡೆ ನಡೀತದೇನ್ರಿ?

ಖಾನಾಪುರದ_ಮತ್ತಿ

ನಡೆಯುತ್ತದೆ. ಆದರೆ ಅಲ್ಲಿ ನೀರು ನಿಲ್ಲುವ ಕಾರಣ ಬೇರೆ, ನಿಮ್ಮಲ್ಲಿ ಬೇರೆ. ಅದನ್ನು ಬಿಡಿಸಿಕೊಳ್ಳದೆ ಅಲ್ಲಿಯ ಉಪಾಯವನ್ನು ಇಲ್ಲಿಗೆ ತಂದರೆ ಕೆಡುತ್ತದೆ.

ಕೆನಡಾದ ಮಣ್ಣು ಸಮೀಕ್ಷೆಯಲ್ಲಿ ಬಸಿಯುವ ಗುಣಕ್ಕೆ 7 ದರ್ಜೆ. ಒಂದು ತುದಿಗೆ ನೀರು ನಿಲ್ಲದ ಮರಳುದಿಬ್ಬ, ಇನ್ನೊಂದು ತುದಿಗೆ ವರ್ಷದ ಬಹುಪಾಲು ನೆಲಮಟ್ಟಕ್ಕೇ ನೀರಿರುವ ಜೌಗು. ಮರಳಿನ ಮೇಲೆ ಜ್ಯಾಕ್ ಪೈನ್, ಹದವಾಗಿ ಬಸಿಯುವ ಗೋಡುಮಣ್ಣಿನಲ್ಲಿ ಆಸ್ಪೆನ್ ಮತ್ತು ಬಿಳಿ ಸ್ಪ್ರೂಸ್, ಜೌಗಿನಲ್ಲಿ ಕಪ್ಪು ಸ್ಪ್ರೂಸ್ ಮತ್ತು ಟ್ಯಾಮರ್ಯಾಕ್. ನೆಲ ಒಂದೆರಡು ಮೀಟರ್ ಇಳಿದರೆ ಸಾಕು, ಕಾಡಿನ ಮುಖವೇ ಬದಲಾಗುತ್ತದೆ. ಜೌಗಿನ ಕಪ್ಪು ಸ್ಪ್ರೂಸ್‌ಗೆ 100 ವರ್ಷ ದಾಟಿದರೂ ಕಾಂಡ ಮುಂಗೈಯಷ್ಟೇ ಇರುವುದುಂಟು. ಅದೇ ಜಾತಿ ಬಸಿಯುವ ನೆಲದಲ್ಲಿ ನೆಟ್ಟಗೆ ಏಳುತ್ತದೆ. ಅಂದರೆ ಕಪ್ಪು ಸ್ಪ್ರೂಸ್‌ಗೆ ಜೌಗು ಇಷ್ಟವೆಂದಲ್ಲ, ಉಳಿದವು ಸಾಯುವ ಕಡೆ ಅದು ಸಾಯುವುದಿಲ್ಲ, ಅಷ್ಟೆ.

ಕಾರಣ ಗಾಳಿ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನ. ಮಣ್ಣಿನ ಸಂದುಗಳಲ್ಲಿ ನೀರು ತುಂಬಿತೆಂದರೆ ಬೇರಿನ ಉಸಿರು ಕಟ್ಟಿದಂತೆ. ಅಲ್ಲಿ ಇದಕ್ಕೆ ಚಳಿಯೂ ಸೇರುತ್ತದೆ: ಸ್ಫ್ಯಾಗ್ನಮ್ ಪಾಚಿ ಕೊಳೆಯದೆ ಪದರವಾಗಿ ಏರುತ್ತದೆ, ಅದು ನೀರನ್ನೂ ತಂಪನ್ನೂ ಹಿಡಿದಿಡುತ್ತದೆ, ಸಾರಜನಕ ಅದರೊಳಗೇ ಸಿಕ್ಕಿಬೀಳುತ್ತದೆ. ಮರದ ಬೇರುಗಳೆಲ್ಲ ಮೇಲಿನ 20–30 ಸೆಂ.ಮೀ.ನಲ್ಲೇ ತಟ್ಟೆಯಂತೆ ಹರಡಿರುತ್ತವೆ. ಗಾಳಿ ಜೋರಾದರೆ ಬೇರಿನ ತಟ್ಟೆಯ ಸಮೇತ ಮಗುಚುತ್ತವೆ.

ಫಿನ್‌ಲ್ಯಾಂಡಿನಲ್ಲಿ ಕಾಡು ಬೆಳೆಸಲೆಂದೇ 50 ಲಕ್ಷ ಹೆಕ್ಟೇರಿಗೂ ಹೆಚ್ಚು ಪೀಟ್ (ಅರೆಕೊಳೆತ ಪಾಚಿಯ ಪದರ) ಜೌಗಿಗೆ ಬಸಿಗಾಲುವೆ ತೋಡಿದರು, ಹೆಚ್ಚಿನದು 1960–70ರ ದಶಕಗಳಲ್ಲಿ. ಆ ಮರಗಳನ್ನು ಅಡ್ಡ ಕೊಯ್ದರೆ ಕಾಲುವೆ ಬಂದ ವರ್ಷ ಉಂಗುರದಲ್ಲೇ ಕಾಣುತ್ತದೆ: ಅಲ್ಲಿಯವರೆಗೆ ಕೂದಲೆಳೆಯಂಥ ಉಂಗುರಗಳು, ಕೆಲವೇ ವರ್ಷಗಳಲ್ಲಿ ಅಗಲ.

ಎರಿಮಣ್ಣು (ವಿಜಯಪುರ)

ಇನ್ನ ನಮ್ಮ ಕಡೆ ಮಾತು. ಅಲ್ಲಿ ವರ್ಷಾನುಗಟ್ಟಲೆ ನೀರು ನಿಂತಿರ್ತದ. ನಮ್ಮಲ್ಲಿ ವರ್ಷಕ್ಕ ಸುಮಾರು 600 ಮಿ.ಮೀ ಮಳಿ, ಅದರಾಗ ಸೆಪ್ಟೆಂಬರದ್ದ ದೊಡ್ಡ ಪಾಲು. ಹಂಗಾಗಿ ನೀರು ನಿಲ್ಲೋದು ಉತ್ತರಿ, ಹಸ್ತ, ಚಿತ್ತಿ ಮಳಿಯ ನಾಕಾರು ವಾರ ಅಷ್ಟ. ಆ ನಾಕಾರು ವಾರದಾಗ ಗಿಡದ ಹಣೆಬರ ಬರ್ದ ಹೋಗಿರ್ತದ.

ಎರಿ ಮಣ್ಣಿನಾಗ ಜೇಡಿ ಅರ್ಧದಷ್ಟು ಇಲ್ಲಾ ಅದಕ್ಕೂ ಜಾಸ್ತಿ, ಅದೂ ಉಬ್ಬೋ ಜಾತಿ ಜೇಡಿ. ಬ್ಯಾಸಗಿ ಬಿರುಕಿನಾಗ ಮೊದಲ ಮಳಿ ನೀರು ಸೀದಾ ಒಂದು ಮೀಟರ್ ಕೆಳಗ ಇಳೀತದ. ಮಣ್ಣು ಉಬ್ಬಿ ಬಾಯಿ ಮುಚ್ಚಿದ ಮ್ಯಾಲ ತಾಸಿಗೆ ಕೆಲವ ಮಿ.ಮೀ ಇಳಿದ್ರ ಭಾಳ ಆತು. ಒಳಗ ಹೋದ ನೀರಿಗೆ ಹೊರಗ ಬರಾಕ ದಾರಿ ಇಲ್ಲ. ತೆಗ್ಗಿನ ಕಡೆ ತನ್ನ ನೀರಿನ ಜತಿ ಮ್ಯಾಲಿನ ಹೊಲದ ನೀರೂ ಬಂದು ಕೂಡ್ತದ.

ಈಗ ಏಪ್ರಿಲ್‌ದಾಗ ಯಾಕ ಬಾಡ್ತಾವ ನೋಡ್ರಿ. ಸೆಪ್ಟೆಂಬರದಾಗ 40 ಸೆಂ.ಮೀ ಕೆಳಗಿನ ಬೇರೆಲ್ಲ ಉಸಿರುಗಟ್ಟಿ ಸತ್ತು ಮ್ಯಾಲಿನವಷ್ಟ ಉಳದಿರ್ತಾವ. ಫೆಬ್ರುವರಿಯಿಂದ ಬಿರುಕು ಬಿಡೋದೂ ಅದ ಪದರದಾಗ, ಬಿಟ್ಟಾಗ ಆ ಸಣ್ಣ ಬೇರು ಹರೀತಾವ. ಕೆಳಗ ಹಸಿ ಇದ್ರೂ ಅಲ್ಲಿಗೆ ಮುಟ್ಟೋ ಬೇರ ಇಲ್ಲ. ಗಿಡ ನೀರಡಿಸಿ ಸಾಯ್ತದ, ಖೂನಿ ಮಾಡಿದ್ದು ಸೆಪ್ಟೆಂಬರದ ನೀರು. ಬಾಡೇದ ಅಂತ ಹೆಚ್ಚಿಗಿ ನೀರು ಬಿಟ್ರ ಉಳಿದ ಬೇರೂ ಹೋಗ್ತಾವ.

ಹಳ್ಳದ ದಂಡಿ ಬೇವಿನ ಒಗಟೂ ಇದ. ಹಳ್ಳ ಎರಡು ಮೂರು ಮೀಟರ್ ಆಳ ಕೊರದಿದ್ರ ಆ ಕಡಿದ ದಂಡಿನ ಬಸಿಗಾಲುವಿ ಇದ್ದಂಗ. ದಂಡಿ ಪಕ್ಕದ ಮಣ್ಣಿನ ನೀರು ಹಳ್ಳಕ್ಕ ಬಸೀತದ, ಬೇರು ಆಳಕ್ಕ ಹೋಗ್ತಾವ. 20 ಮೀಟರ್ ಹೊಲದ ಕಡೆ ಸರದ್ರ ಎರಿ ಮಣ್ಣಿನಾಗ ಆ ಲಾಭ ಮುಟ್ಟೋದಿಲ್ಲ.

ಲಿಂಬಿತೋಟ (ಇಂಡಿ)

ಲಿಂಬಿಯೊಳಗ ಹಿಂಗ ಆಗ್ತದ. ಎಲಿ ಹಳದಿ, ತುದಿ ಒಣಗೋದು, ಬುಡದಾಗ ಅಂಟು ಸೋರೋದು. ಎಲ್ಲಾರೂ ಮೊದಲ ಔಷಧ ಅಂಗಡಿಗೆ ಓಡ್ತಾರ. ಫೈಟಾಫ್ತೊರಾ ಬೂಷ್ಟು ನೀರು ನಿಂತಲ್ಲೇ ಈಜಿ ಬೇರಿಗೆ ಮುಟ್ಟೋದು, ನೀರು ತಗೀದ ಔಷಧ ಸುರದ್ರ ರೊಕ್ಕ ಹಳ್ಳಕ್ಕ ಹೋದಂಗ. ಕಬ್ಬಿಣ ಕಡಿಮಿ ಆದ ಹಳದಿಗೆ ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಸಿಂಪಡಿಸಿದ್ರ ಹೊಸ ಎಲಿ ಹಸರ ಆಗ್ತಾವ ಖರೆ, ಮಣ್ಣು ಹಸೀನ ಇದ್ರ ಮತ್ತ ಅದ ಹಣೆಬರ.

ನರ್ಸರಿ_ಮುಧೋಳ

ಇದಕ್ಕ ಇಷ್ಟೆಲ್ಲ ಯಾಕ್ರಿ. 1 ಮೀಟರ್ ಉದ್ದ, ಅಗಲ, ಆಳದ ತೆಗ್ಗು ತೋಡಿ ಬುಡಕ ಒಂದು ಪುಟ್ಟಿ ಖಡಿ, ಮ್ಯಾಲ ಉಸುಕು, ಮಸಾರಿ (ಕೆಂಪು) ಮಣ್ಣು, ತಿಪ್ಪಿ ಗೊಬ್ಬರ ಕೂಡಿಸಿ ತುಂಬ್ರಿ. ನೀರು ಬಸದ ಹೊಕ್ಕೈತಿ.

ಎರಿಮಣ್ಣು (ವಿಜಯಪುರ)

ಅಣ್ಣಾರ, ಬಸದು ಎಲ್ಲಿಗೆ ಹೋಗಬೇಕ್ರಿ? ಸುತ್ತ ನಾಕೂ ಗ್ವಾಡಿ ಎರಿ, ತಳ ಎರಿ. ನೀವು ಹೇಳಿದ್ದು ಮಸಾರಿ, ಮರಡಿ ಹೊಲಕ್ಕ ಬರೋಬ್ಬರಿ. ಎರಿಯೊಳಗ ಆ ತೆಗ್ಗು ಕೊಡ ಇದ್ದಂಗ, ಸುತ್ತಲಿನ ನೀರೆಲ್ಲ ಹಗೂರ ಮಣ್ಣಿರೋ ಕೊಡಕ್ಕ ಬಂದು ತುಂಬ್ತದ. ಬುಡಕ್ಕ ಖಡಿ ಹಾಕಿದ್ರ ಇನ್ನೊಂದು ತ್ರಾಸ: ಸಣ್ಣ ಸಂದಿನ ಮಣ್ಣಿನ ನೀರು ದೊಡ್ಡ ಸಂದಿನ ಖಡಿಗೆ ಸುಮ್ಮ ಇಳಿಯೋದಿಲ್ಲ. ಮ್ಯಾಲಿನ ಮಣ್ಣು ತೊಯ್ದು ತುಂಬಿ ತುಳುಕಿದ ಮ್ಯಾಲ ಇಳೀತದ. ಬೇರಿಗೆ ಹತ್ತೋ ಹಸಿ ಪದರ ಖಡಿ ಇರೋವಷ್ಟು ಮ್ಯಾಲ ಬಂದಂಗಾತು.

ಮೊದಲೆರಡು ವರ್ಷ ಗಿಡ ಜೋರ ಬೆಳೀತದ, ಯಾಕಂದ್ರ ತೆಗ್ಗಿನಾಗಿನ ಮಣ್ಣು ಚಲೋ. ಮೂರನೇ ವರ್ಷ ಬೇರು ಗ್ವಾಡಿಗೆ ಬಡದು ಕುಂಡ್ಯಾಗಿನಂಗ ಸುತ್ತಾಕ ಹತ್ತಾವ. ಗಿಡ ಕುಂದ್ರೋದು ಆವಾಗ.

ನರ್ಸರಿ_ಮುಧೋಳ

ಜೆಸಿಬಿ ಬಕೀಟ ಬಡದ ಗ್ವಾಡಿ ನುಣ್ಣಗ ಆಗಿರತೈತಿ, ಅದು ಖರೆ. ಹಸಿ ಇದ್ದಾಗ ತೋಡಿದ್ರ ಕನ್ನಡಿ ಹಂಗ. ಹಂಗಾರ ಎರಿಗೆ ಏನ ಮಾಡಬೇಕ ಹೇಳ್ರಿ, ದಾಳಿಂಬ್ರಿ ಮಂದಿ ದಿನಾ ಕೇಳ್ತಾರ.

ಎರಿಮಣ್ಣು (ವಿಜಯಪುರ)

ಕೆಳಗ ಹೋಗಬ್ಯಾಡ್ರಿ, ಮ್ಯಾಲ ಏರ್ರಿ. ಬೋದು, ಅಂದ್ರ ಮಣ್ಣಿನ ಉದ್ದನ ದಿಬ್ಬ, ಕಟ್ಟಿ ಅದರ ಮ್ಯಾಲ ಹಚ್ಚೋದು.

ಬೋದಿನ ಬುಡ 2.5–3 ಮೀಟರ್ ಅಗಲ, ನೆತ್ತಿ 1–1.2 ಮೀಟರ್, ಎತ್ತರ 60 ಸೆಂ.ಮೀ ನಿಲ್ಲಬೇಕು. ಸಡ್ಲ ಮಣ್ಣು ಮೊದಲ ಮಳಿಗೇ ಕುಸೀತದ, ಅದಕ್ಕ ಕಟ್ಟೋವಾಗ 80 ಸೆಂ.ಮೀ ಹಿಡೀರಿ. ಎರಡೂ ಬಾಜೂದ ಮ್ಯಾಲ್ಮಣ್ಣಷ್ಟ ಎಳೀರಿ, ಕೆಳಗಿನ ಸುಣ್ಣದ ಹರಳಿರೋ ಮಣ್ಣು ಮ್ಯಾಲ ತರಬ್ಯಾಡ್ರಿ. ಕೆಲಸ ಮೇ ತಿಂಗಳಾಗ, ಮಣ್ಣು ಒಣಗಿದ್ದಾಗ. ಸಸಿ ಜೂನ್ ಕೊನಿ, ಜುಲೈದಾಗ ಹಚ್ಚಿದ್ರ ದೊಡ್ಡ ಮಳಿ ಬರೋದ್ರಾಗ ಬೇರು ಹಿಡದಿರ್ತಾವ. ತೆಗ್ಗು ಸಸಿಯ ಹೆಂಟಿ ಹಿಡಿಯೋವಷ್ಟ ಸಾಕು, ಗ್ವಾಡಿ ನುಣ್ಣಗ ಆಗಿದ್ರ ಕುರಪಿಲೆ ಕೆರದು ಒರಟ ಮಾಡ್ರಿ. ಹೆಂಟಿಯ ನೆತ್ತಿ ಮಣ್ಣಿನ ಸಮಕ್ಕಿಂತ ಎರಡು ಬೆರಳು ಮ್ಯಾಲ ಇರ್ಲಿ.

ಎಲ್ಲಾರೂ ತಪ್ಪೋದು ಇಲ್ಲಿ: ಎರಡು ಬೋದಿನ ನಡುವಿನ ಕಾಲುವಿಗೆ ಬಾಯಿ ಇಡೋದಿಲ್ಲ. ಬಾಯಿ ಇಲ್ಲದ ಕಾಲುವಿ ಅಂದ್ರ ಉದ್ದನ ಕೆರಿ. 100 ಮೀಟರಿಗೆ 20–30 ಸೆಂ.ಮೀ ಇಳಿಜಾರು ಕೊಟ್ಟು ಹಳ್ಳಕ್ಕ ಮುಟ್ಟಿಸ್ರಿ. ಗೌಂಡಿಗಳ ನೀರಿನ ಪೈಪಿನ ಲೆವಲ್ ಸಾಕು, ಕಣ್ಣಳತಿ ನಂಬಬ್ಯಾಡ್ರಿ. ಅದಕ್ಕಿಂತ ಜಾಸ್ತಿ ಇಳಿಜಾರು ಕೊಟ್ರ ಕಾಲುವಿ ಕೊರೀತದ.

ಡ್ರಿಪ್ ಇದ್ರ ದಿನಾ ಬಿಡಬ್ಯಾಡ್ರಿ. ಎರಿಯೊಳಗ ಎರಡು ಮೂರು ದಿನಕ್ಕೊಮ್ಮಿ ಬಿಟ್ಟು ನಡುವ ಗಾಳಿ ಆಡಾಕ ಬಿಡಬೇಕು. ಗಿಡ ದೊಡ್ಡದಾದಂಗ ಡ್ರಿಪ್ಪರ್ ಬುಡದಿಂದ ದೂರ ಸರೀಬೇಕು.

ಖಾನಾಪುರದ_ಮತ್ತಿ

ಫಿನ್‌ಲ್ಯಾಂಡ್, ಸ್ವೀಡನ್‌ಗಳಲ್ಲೂ ಹಸಿ ನೆಲದಲ್ಲಿ ಸಸಿಯನ್ನು ಮಣ್ಣಿನ ಗುಪ್ಪೆಯ ಮೇಲೇ ನೆಡುತ್ತಾರೆ. ಅಲ್ಲಿ ಗುಪ್ಪೆಗೆ ಇನ್ನೊಂದು ಉಪಯೋಗ: ಬಿಸಿಲಿಗೆ ಬೇಗ ಬೆಚ್ಚಗಾಗುತ್ತದೆ. ನಿಮ್ಮಲ್ಲಿ ಅದೇ ಬಿಸಿಲು ಶತ್ರು. ಬೋದಿಗೆ ಕಬ್ಬಿನ ರವದಿಯನ್ನೋ ಜೋಳದ ಕಣಿಕೆಯನ್ನೋ ಹೊದಿಸದಿದ್ದರೆ ಬೋದೇ ಬಿರುಕು ಬಿಡುತ್ತದೆ. ಹೊದಿಕೆ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟಿರಲಿ.

ನಮ್ಮ ಖಾನಾಪುರದ ಕಾಡಿನಲ್ಲೂ ಈ ದರ್ಜೆ ಓದಬಹುದು. ಬಸಿಯುವ ಇಳಿಜಾರಿನಲ್ಲಿ ಸಾಗವಾನಿ ನೆಟ್ಟಗಿರುತ್ತದೆ, ಜೇಡಿ ಹೆಚ್ಚಿ ನೀರು ಹಿಡಿಯುವ ತಗ್ಗಿಗೆ ಬಂದಂತೆ ಮತ್ತಿ ಮೇಲುಗೈ ಪಡೆಯುತ್ತದೆ. ಜಂಬಿಟ್ಟಿಗೆಯ ಹಾಸು ಮೇಲೇ ಇರುವ ಬಯಲುಗಳಲ್ಲಿ ಮಳೆಗಾಲಕ್ಕೆ ನೀರು ನಿಂತು ಬೇಸಿಗೆಗೆ ಕಾದ ಹೆಂಚಾಗುತ್ತದೆ. ಅಲ್ಲಿ ಹುಲ್ಲು, ಕುರುಚಲು ಅಷ್ಟೆ. ನಕ್ಷೆಗಿಂತ ಮೊದಲು ಮರಗಳನ್ನು ಕೇಳಿದರೆ ಹೇಳುತ್ತವೆ.

ಒಡ್ಡಿನ_ಗಿಡ

ತೆಗ್ಗಿನ ಕಡೆ ಖರೇನೇ ನೀರು ನಿಲ್ತದೋ ಇಲ್ಲೋ ಮನಿಮಟ್ಟಿಗೆ ಪರೀಕ್ಷಾ ಮಾಡೋದು ಹೆಂಗ? ತೆಗ್ಗು ತೋಡಿ ನೀರು ಸುರುವಿದ್ರ ಅರ್ಧ ತಾಸಿನಾಗ ಮಂಗಮಾಯ ಆಗ್ತದಲ್ಲ.

ಎರಿಮಣ್ಣು (ವಿಜಯಪುರ)

ಬ್ಯಾಸಗಿಯೊಳಗ ಸುರುವಿರ್ತೀರಿ. ಅದು ಬಿರುಕಿಗೆ ಹೋದ ನೀರು, ಮಣ್ಣಿಗೆ ಇಳಿದದ್ದಲ್ಲ. ಎರಿ ಹೊಲದಾಗ ಮೊದಲನೇ ಅಳತಿ ಯಾವತ್ತೂ ಸುಳ್ಳು.

30 ಸೆಂ.ಮೀ ಅಗಲ, 60 ಸೆಂ.ಮೀ ಆಳ ತೋಡ್ರಿ. ಸಂಜಿಗೆ ತುಂಬ್ರಿ, ರಾತ್ರಿ ಬಿಡ್ರಿ. ಮುಂಜಾನೆ ಮತ್ತ ತುಂಬಿ ಇಳಿಯಾಕ ಬಿಡ್ರಿ. ಮೂರನೇ ಸಲ ತುಂಬಿದಾಗ ಅಡ್ಡ ಒಂದು ಕಟ್ಟಿಗಿ ಇಟ್ಟು ಅದರಿಂದ ಸ್ಕೇಲಿನಲೆ ತಾಸಿಗೊಮ್ಮಿ ಅಳೀರಿ. ತಾಸಿಗೆ 2.5 ಸೆಂ.ಮೀ ಮ್ಯಾಲ ಇಳಿದ್ರ ಗಿಡಕ್ಕ ಅಡ್ಡಿ ಇಲ್ಲ. 1 ಸೆಂ.ಮೀ ಒಳಗ ಇದ್ರ ಬೋದು ಬೇಕ ಬೇಕು. ಮರುದಿನವೂ ನೀರು ನಿಂತಿದ್ರ ಸಾಗವಾನಿ, ಹೆಬ್ಬೇವು, ಶ್ರೀಗಂಧ, ಮಾವು ಯಾವ್ದರ ಆಸೆಯೂ ಬ್ಯಾಡ.

ಕೆಂಪು ಮಣ್ಣಿನಾಗ ಬೂದಿ ಬಣ್ಣ, ತುಕ್ಕಿನ ಚುಕ್ಕಿ ಕಂಡ್ರ ನೀರು ನಿಲ್ತದ ಅಂತ ಹೇಳಬಹುದು. ಎರಿಯೊಳಗ ಕರಿ ಬಣ್ಣ ಅದನ್ನ ಮುಚ್ಚಿಬಿಡ್ತದ. ಅದಕ್ಕ ಬೇರು ನೋಡ್ರಿ: ಜೀವ ಇದ್ದದ್ದು ಒಳಗ ಬೆಳ್ಳಗ, ಉಸಿರುಗಟ್ಟಿದ್ದು ಕರ್ರಗ, ಎಳದ್ರ ತೊಗಟಿ ಕೈಗೆ ಕಳಚಿ ಬರ್ತದ. ಮಣ್ಣಿಗೆ ಕೊಳತ ತತ್ತಿ ವಾಸನಿ ಇದ್ರ ಮತ್ತ ಕೇಳೋದ ಬ್ಯಾಡ.

ಹೊಳಿದಂಡಿ (ಜಮಖಂಡಿ)

ಕೃಷ್ಣಾ ದಂಡಿ ಹೊಲಕ್ಕ ಇದರ ಮ್ಯಾಲ ಸವಳು ಕೂಡತೈತಿ. ಅಥಣಿ, ರಾಯಬಾಗ, ಜಮಖಂಡಿ ಕಡೆ ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಕೆಳಗಿನ ನೀರು ಮ್ಯಾಲ ಬಂದೈತಿ, ಬರೂವಾಗ ಉಪ್ಪು ಹೊತ್ತು ತರತೈತಿ. ಅಲ್ಲಿ ಬರೇ ಬೋದು ಕಟ್ಟಿದ್ರ ಉಪ್ಪು ಬೋದಿನ ನೆತ್ತಿಗೇ ಏರತೈತಿ, ಯಾಕಂದ್ರ ನೀರು ಆರೂದು ಅಲ್ಲೇ. ಸಸಿ ಸುಟ್ಟಂಗ ಆಕ್ಕಾವ.

ಮೊದಲ 0–30, 30–60, 60–90 ಸೆಂ.ಮೀ ಅಂತ ಮೂರು ಪದರದ ಮಣ್ಣು ಬ್ಯಾರೆ ಬ್ಯಾರೆ ಚೀಲದಾಗ ತುಂಬಿ ಪ್ರಯೋಗಾಲಯಕ್ಕ ಕೊಡ್ರಿ. ಲವಣಾಂಶ (ಇಸಿ) ಮೀಟರಿಗೆ 4 ಡೆಸಿಸೀಮನ್ಸ್ ದಾಟಿದ್ರ ಸವಳು. ರಸಸಾರ 8.5 ದಾಟಿ, ಸೋಡಿಯಂ ಪಾಲು ನೂರಕ್ಕ 15 ದಾಟಿದ್ರ ಕ್ಷಾರ. ಎರಡಕ್ಕೂ ಮದ್ದು ಬ್ಯಾರೆ. ಬರೇ ಸವಳಿದ್ರ ಸಿಹಿನೀರಿನಲೆ ತೊಳೀಬೇಕು, ಕ್ಷಾರ ಇದ್ರ ಮೊದಲ ಜಿಪ್ಸಂ, ಆಮ್ಯಾಲ ತೊಳಿಯೂದು. ಎರಡಕ್ಕೂ ಬಸಿಯುವ ದಾರಿ ಬೇಕ ಬೇಕು. ಬಸಿಗಾಲುವಿ ಇಲ್ಲದ ಜಿಪ್ಸಂ ಹಾಕೂದು ಅಂದ್ರ ಮೋರಿ ಕಟ್ಟಿದ ಬಚ್ಚಲದಾಗ ಸಬಕಾರ ಹಾಕಿ ತಿಕ್ಕಿದಂಗ.

ಭೂಮಿ ಒಳಗಿನ ಪೈಪು ಅಂದ್ರ ತೂತು ಹಾಕಿದ, 80 ಮಿ.ಮೀ ವ್ಯಾಸದ ಪಿವಿಸಿ, ಸುತ್ತ ಜಾಳಿಗಿ ಬಟ್ಟಿ, 1–1.2 ಮೀಟರ್ ಆಳ. ಎರಿಯೊಳಗ ಸಾಲಿನಿಂದ ಸಾಲಿಗೆ 30–50 ಮೀಟರ್, 100 ಮೀಟರಿಗೆ 10–20 ಸೆಂ.ಮೀ ಇಳಿಜಾರು. ಕೆಡೂದು ಎರಡ ಕಡೆ: ನಡುವ ಪೈಪು ಉಬ್ಬಿ-ತಗ್ಗಿ ಕುಂತು ರಾಡಿ ತುಂಬೂದು, ಇಲ್ಲಾ ಹಳ್ಳದ ನೀರು ಏರಿ ಪೈಪಿನ ಬಾಯಿ ಮುಳುಗೂದು. ಗಿಡದ ಸಾಲು ಪೈಪಿನ ನೆತ್ತಿ ಮ್ಯಾಲ ಬರಬಾರದು, ಬೇರು ತೂತಿನಾಗ ನುಗ್ಗಿ ಬುರುಗಿನಂಗ ತುಂಬಕೊಂತಾವ.

ಎರಿಮಣ್ಣು (ವಿಜಯಪುರ)

ಪ್ರಯೋಗಾಲಯಕ್ಕ ಹೋಗೋ ಮೊದಲ ಒಂದು ಪುಕ್ಕಟೆ ಪರೀಕ್ಷಾ. ಊರಾಗಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಗ್ಲಾಸಿನಾಗ ಹಿಡೀರಿ. ಕಡ್ಲಿಕಾಳಿನಷ್ಟು ಒಣ ಮಣ್ಣಿನ ಹೆಂಟಿ ಮೆಲ್ಲಕ ಬಿಡ್ರಿ, ಅಳ್ಳಾಡಿಸಬ್ಯಾಡ್ರಿ. ಹೆಂಟಿ ಒಡದು ತಳಕ್ಕ ಕುಂತು ನೀರು ತಿಳಿ ಇದ್ರ ಚಿಂತಿ ಇಲ್ಲ. ಎರಡು ತಾಸಿನಾಗ ಸುತ್ತಲೂ ಹಾಲಿನಂಗ ಮಬ್ಬ ಎದ್ರ ಸೋಡಿಯಂ ಅದ. ಬೋರಿನ ನೀರಿನಾಗ ಮಾಡಬ್ಯಾಡ್ರಿ, ಅದರಾಗಿನ ಉಪ್ಪು ಮಬ್ಬ ಏಳಾಕ ಬಿಡೋದಿಲ್ಲ.

ಹಾರೂಗೇರಿ_ಕಬ್ಬು

ಪೈಪು, ಜಿಪ್ಸಂ ಯಾಕ, ನೀಲಗಿರಿ ಹಚ್ಚಿದ್ರ ನೀರೆಲ್ಲ ಕುಡೀತೈತಿ ಅಂತಾರಲ್ಲ?

ಖಾನಾಪುರದ_ಮತ್ತಿ

ಅದಕ್ಕೆ ಜೈವಿಕ ಬಸಿಯುವಿಕೆ ಎನ್ನುತ್ತಾರೆ. ಕಾಲುವೆಯಿಂದ ಸೋರಿ ನೀರಿನ ಮಟ್ಟ ಮೇಲೆ ಬಂದಿದ್ದರೆ, ಆ ನೀರು ತೀರ ಉಪ್ಪಾಗಿರದಿದ್ದರೆ ಕಾಲುವೆಯ ಪಕ್ಕದ ಸಾಲುಗಳು ಮಟ್ಟ ಇಳಿಸುತ್ತವೆ. ಆದರೆ ಮರ ನೀರು ಕುಡಿದು ಉಪ್ಪನ್ನು ಬೇರಿನ ಹತ್ತಿರವೇ ಬಿಡುತ್ತದೆ, ವರ್ಷಗಳು ಕಳೆದಂತೆ ಅಲ್ಲೇ ಗುಡ್ಡೆಯಾಗುತ್ತದೆ. ಸೆಪ್ಟೆಂಬರಿನಲ್ಲಿ ಮೇಲೆ ನಿಲ್ಲುವ ಮಳೆನೀರಿಗಂತೂ ಇದು ಮದ್ದಲ್ಲ, ಮೋಡ ಕವಿದ ವಾರದಲ್ಲಿ ಮರ ಕುಡಿಯುವುದೇ ಕಡಿಮೆ. ಸಾಲದ್ದಕ್ಕೆ ನೀಲಗಿರಿ ನೆಡುವುದಕ್ಕೆ 2017ರಲ್ಲಿ ರಾಜ್ಯ ಸರ್ಕಾರ ನಿಷೇಧ ಹೇರಿತ್ತು, ನೆಡುವ ಮೊದಲು ಅರಣ್ಯ ಇಲಾಖೆಯಲ್ಲಿ ಈಗಿನ ಸ್ಥಿತಿ ಕೇಳಿಕೊಳ್ಳಿ.

ತಗ್ಗಿನ ಕಡೆಗೆ ಜಾತಿ ಬದಲಿಸುವುದೇ ಅಗ್ಗದ ದಾರಿ. ಕರಿಜಾಲಿ ಎರೆಮಣ್ಣಿಗೂ ಕೆಲವು ವಾರದ ನೀರಿಗೂ ಸಾಧಾರಣ ಸವಳಿಗೂ ತಡೆಯುತ್ತದೆ. ಹೊಂಗೆ ಇವೆಲ್ಲಕ್ಕೂ ತಡೆಯುತ್ತದೆ, ದನ ಬಾಯಿ ಹಾಕುವುದೂ ಕಡಿಮೆ. ನೇರಳೆ, ಹೊಳೆಮತ್ತಿ ನೀರಿಗೆ ಸೈ. ಬೇವು ಬರಗಾಲಕ್ಕೆ ಎಷ್ಟು ಗಟ್ಟಿಯೋ ನಿಂತ ನೀರಿಗೆ ಅಷ್ಟೇ ಸೂಕ್ಷ್ಮ. ಹುಣಸೆಗೂ ಬಸಿಯುವ ನೆಲವೇ ಬೇಕು. ಮೇಲ್ಭಾಗದ ಗರಸಿನಲ್ಲಿ ಕಮರ, ಸೀತಾಫಲ ಬರುತ್ತವೆ. ಒಂದೇ ಹೊಲದಲ್ಲಿ ಮೂರು ಜಾತಿಯ ಮೂರು ಪಟ್ಟಿ ಮಾಡುವುದರಲ್ಲಿ ನಾಚಿಕೆಯೇನಿಲ್ಲ, ಕೆನಡಾದ ಕಾಡು ಮಾಡುವುದೂ ಅದನ್ನೇ.

ಹೊಳಿದಂಡಿ (ಜಮಖಂಡಿ)

ಬಳ್ಳಾರಿ ಜಾಲಿ ಸವಳಿಗೆ ಎಲ್ಲಾದಕ್ಕಿಂತ ಗಟ್ಟಿ, ಆದ್ರ ಹೊಲದಾಗ ಹಚ್ಚಬ್ಯಾಡ್ರಿ. ಅದು ಹೋಗೂದಲ್ಲ.

ಒಡ್ಡಿನ_ಗಿಡ

ಜಾತಿ ಮುಂದಿನ ಸಲ ಬದಲಸ್ತೀನ್ರಿ. ಈಗ ಕುಂತ ಗಿಡಗಳನ್ನ ಏಳಸಾಕ ಆಗ್ತದೇನು? ಬುಡಕ್ಕ ಮಣ್ಣೇರಿಸಿ ಈಗ ಬೋದು ಮಾಡಲಾ?

ಎರಿಮಣ್ಣು (ವಿಜಯಪುರ)

ಬುಡಕ್ಕ ಮಣ್ಣೇರಿಸಬ್ಯಾಡ್ರಿ! ಬುಡದ ತೊಗಟಿ ಹಸಿ ಮಣ್ಣಿನಾಗ ಹೂತ್ರ ಕೊಳೀತದ, ಇದ್ದ ಬೇರಿಗೆ ಇನ್ನೂ ಗಾಳಿ ಕಡಿಮಿ ಆಗ್ತದ. ಜೌಗಿನ ಕಪ್ಪು ಸ್ಪ್ರೂಸ್ ಪಾಚಿ ಏರಿದಂಗ ಕಾಂಡದಿಂದ ಹೊಸ ಬೇರು ಬಿಡ್ತದಂತ, ಕೆಳಗಿನ ಟೊಂಗಿ ಸುದ್ದಾ ಬೇರು ಬಿಟ್ಟು ಗಿಡ ಆಗ್ತಾವಂತ. ಸಾಗವಾನಿಗೆ ಆ ವಿದ್ಯಾ ಬರೋದಿಲ್ಲ.

ಗಿಡ ಏರಿಸಾಕ ಬರ್ಲಿಲ್ಲಂದ್ರ ನೀರಿನ ಮಟ್ಟ ಇಳಸಬೇಕು. ಮೊದಲ ಮ್ಯಾಲಿನ ಹೊಲದಿಂದ ಬರೋ ನೀರು ತಡೀರಿ: ತೆಗ್ಗು ಶುರು ಆಗೋ ಗೆರಿಗುಂಟ 60 ಸೆಂ.ಮೀ ಆಳದ ಅಡ್ಡಗಾಲುವಿ ತೋಡಿ ಬಾಜೂಕ ಹಳ್ಳಕ್ಕ ತಿರುವ್ರಿ, ತೋಡಿದ ಮಣ್ಣು ಕೆಳಗಿನ ಬಾಜೂಕ ಹಾಕ್ರಿ. ಎಷ್ಟೋ ಕಡೆ ಇದೊಂದರಾಗ ಕೆಲಸ ಮುಗೀತದ. ಆಮ್ಯಾಲ ಗಿಡದ ಸಾಲಿನಿಂದ ಒಂದೂವರಿ ಎರಡು ಮೀಟರ್ ಬಿಟ್ಟು, ಒಂದ ಬಾಜೂಕ, ಸಾಲಿನ ಉದ್ದಕ 75–90 ಸೆಂ.ಮೀ ಆಳದ ಸಣ್ಣ ಚರಿ ತೋಡಿ ಹಳ್ಳಕ್ಕ ಬಾಯಿ ಕೊಡ್ರಿ. ಎರಡೂ ಬಾಜೂ ಒಮ್ಮೆಲೇ ತೋಡಿದ್ರ ಬೇರು ಅರ್ಧ ಕಡದು ಗಿಡ ಗಾಳಿಗೆ ಬೀಳ್ತಾವ. ಚರಿಯಾಗ ಖಡಿ ತುಂಬೋದಾದ್ರ ಸುತ್ತ ಜಾಳಿಗಿ ಬಟ್ಟಿ ಹಾಕ್ರಿ, ಇಲ್ಲಂದ್ರ ಎರಡ ಮಳಿಗೆ ಎರಿ ಬಂದು ತುಂಬ್ತದ.

ಮುಧೋಳದವರು ಹೇಳಿದಂಗ ತೋಡಿದ ತೆಗ್ಗಿನಾಗ ಹಚ್ಚಿದ ಗಿಡ ಇದ್ರ ಆ ತೆಗ್ಗಿನ ಕೆಳಬಾಜೂಕ ಒಂದು ಸಲಿಕಿ ಅಗಲದ ಸೀಳು, ತೆಗ್ಗಿನ ತಳದ ಆಳಕ್ಕ, ಚರಿಗೆ ಕೂಡಿಸ್ರಿ. ಕೊಡಕ್ಕ ತೂತು ಹಾಕಿದಂಗ.

ಖಾನಾಪುರದ_ಮತ್ತಿ

ಸಾಗವಾನಿಯಲ್ಲಿ ಫಲ ಸಿಕ್ಕಿತೋ ಇಲ್ಲವೋ ತಿಳಿಯಲು ದಾರಿಯಿದೆ. ವರ್ಷಕ್ಕೊಂದು ಉಂಗುರ ಸ್ಪಷ್ಟವಾಗಿ ಬಿಡುವ ನಮ್ಮ ಮರಗಳಲ್ಲಿ ಅದೂ ಒಂದು. ವಿರಳ ಮಾಡುವಾಗ ಕಡಿದ ಕೊರಡನ್ನು 120, 240, 400 ನಂಬರಿನ ಉಜ್ಜು ಕಾಗದದಿಂದ ಆ ಕ್ರಮದಲ್ಲೇ ತಿಕ್ಕಿ, ನೀರು ಸವರಿ ನೋಡಿ. ಮೇಲಿನ ತುದಿಯ ಒಂದು, ತಗ್ಗಿನ ಒಂದು ಪಕ್ಕಪಕ್ಕ ಇಟ್ಟರೆ ಯಾವ ವರ್ಷದಿಂದ ದಾರಿ ಬೇರೆಯಾಯಿತು ಎಂಬುದು ಕಾಣುತ್ತದೆ. ತಗ್ಗಿನದು ಮಳೆ ಹೆಚ್ಚಾದ ವರ್ಷದಲ್ಲೇ ಸಣ್ಣ ಉಂಗುರ ಬಿಟ್ಟಿದ್ದರೆ ನೀರು ನಿಂತದ್ದೇ ಕಾರಣ. ಬರದ ವರ್ಷದಲ್ಲಿ ಎರಡೂ ಸಣ್ಣದಾಗಿದ್ದರೆ ಬೇರೆ ಮಾತು.

ಹೊಳಿದಂಡಿ (ಜಮಖಂಡಿ)

ಉಂಗುರಕ್ಕ ವರ್ಷ ಕಾಯಬೇಕು. ಪೈಪು ಹುಗದ್ರ ಇದ ಮಳಿಗಾಲದಾಗ ಗೊತ್ತಾಕ್ಕೈತಿ. 2 ಇಂಚಿನ ಪಿವಿಸಿ, 2 ಮೀಟರ್ ಉದ್ದ. ಕೆಳಗಿನ ಒಂದೂವರಿ ಮೀಟರಿಗೆ ಸಣ್ಣ ತೂತು, ಅದಕ್ಕ ನೈಲಾನ್ ಜಾಳಿಗಿ ಸುತ್ತಿ ತಂತಿ ಬಿಗೀರಿ. ಸುತ್ತ ಸಣ್ಣ ಖಡಿ, ಮ್ಯಾಲಿನ ಒಂದು ಗೇಣು ಎರಿ ಮಣ್ಣು ಜಡದು ತುಂಬ್ರಿ, ಇಲ್ಲಂದ್ರ ಮ್ಯಾಲಿನ ನೀರು ಪೈಪಿನ ಬಾಜೂಲೆ ಇಳದು ಸುಳ್ಳು ತೋರಸತೈತಿ. ಒಂದು ಮ್ಯಾಲ, ಒಂದು ತೆಗ್ಗಿನಾಗ, ಒಂದು ಹಳ್ಳದ ದಂಡಿಗೆ. ವಾರಕ್ಕೊಮ್ಮಿ, ದೊಡ್ಡ ಮಳಿ ಆದ ಮೂರನೇ ದಿನ ತಪ್ಪದ ಅಳೀರಿ. ಮೂರನೇ ದಿನಕ್ಕೂ ನೀರು ನೆಲಮಟ್ಟದಿಂದ 50 ಸೆಂ.ಮೀ ಒಳಗ ಕಂಡ್ರ ಚರಿ ಇನ್ನೂ ಆಳ ಬೇಕು. ಮೀಟರ್ ಕೆಳಗ ಇಳದಿದ್ರ ನಿಮ್ಮ ಕೆಲಸ ಆಗೈತಿ.

ಪೈಪಿನ ಬಾಯಿಗೆ ಮುಚ್ಚಳ ಬಿಗೀರಿ ಮತ್ತ. ದನ ಕಾಯೂ ಹುಡುಗರು ಕಲ್ಲು ತುಂಬತಾರ.

ಒಡ್ಡಿನ_ಗಿಡ

ಮೂರು ಪೈಪು, ಮೂರು ಮುಚ್ಚಳ. ಹಸ್ತ ಮಳಿ ಮುಗದ ಮ್ಯಾಲ ಅಳತಿ ಇಲ್ಲೇ ಹಾಕ್ತೀನ್ರಿ.